ಗಿಡಗಳಿಗೂ ಚಳಿಯಾಗುತ್ತದೆ

ಡಿಸೆಂಬರ್-ಜನವರಿಯ ದಿನಗಳಲ್ಲಿ ಸುಬ್‌ಹಿ ನಮಾಝ್‌ಗಾಗಿ ಎದ್ದು ಬಾವಿಕಟ್ಟೆಗೆ ಹೋಗಿ ವುಝೂ ಮಾಡುವ ಅಭ್ಯಾಸ ನಿಮಗಿದ್ದರೆ ಒಂದು ವಿಷಯ ನಿಮ್ಮ ಗಮನಕ್ಕೆ ಬಂದಿರಬಹುದು. ಹೊರಗೆ ಮೈ ನಡುಗುವ ಚಳಿ. ರಾತ್ರಿಯೇ ಬಕೆಟ್ಟಿನಲ್ಲಿ ತುಂಬಿಟ್ಟ ನೀರನ್ನು ಮುಟ್ಟಲಾಗದು. ಆದರೆ ಆಗ ತಾನೇ ಬಾವಿಯಿಂದ ಸೇದಿದ ನೀರು ಮಾತ್ರ ಬೆಚ್ಚಗಿರುತ್ತದೆ. ಚಿಕ್ಕಂದಿನಲ್ಲಿ ಉಮ್ಮನೊಂದಿಗೆ ಈ ಬಗ್ಗೆ ಕೇಳಿದಾಗ, "ಭೂಮಿ ಬಿಸಿಲನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ ಮೋಳೇ" ಎಂದಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅವರ ಆ ಮಾತಿನ ಅರ್ಥ ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಕೂಡ ಮುಗಿಸಿದ ನನಗೆ ಪೂರ್ತಿಯಾಗಿ ತಿಳಿದದ್ದು ಈಚೆಗೆ. ಅದೂ ಒಂದು ತಪ್ಪು ಮಾಡಿ, ಒಂದು ಬ್ಯಾಟರಿ ಹಾಳು ಮಾಡಿದ ನಂತರ.

ನಮ್ಮ ಸಾಸ್ತಾನದ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಇಲ್ಲಿ ಹಿಮ ಬೀಳುವುದಿಲ್ಲ, ಎಲೆಗಳು ಕರಕಲಾಗುವುದಿಲ್ಲ. ಜನವರಿಯ ಮಧ್ಯಾಹ್ನ ಹೆದ್ದಾರಿ ಬದಿಯಲ್ಲಿ ಬಸ್ಸಿಗಾಗಿ ನಿಂತರೆ ಬೆವರೇ ಇಳಿಯುತ್ತದೆ. ಆದರೆ ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಘಟ್ಟದ ಕಡೆಯಿಂದ ಕಡಲಿನ ಕಡೆಗೆ ಮೂಡುಗಾಳಿ ಬೀಸತೊಡಗುತ್ತದೆ. ಬೆಳಗಿನ ಜಾವ ಉಷ್ಣಾಂಶ 20 ಡಿಗ್ರಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. 32 ಡಿಗ್ರಿಯ ಹಗಲಿಗೆ ಒಗ್ಗಿಕೊಂಡ ಗಿಡಕ್ಕೆ ಇದು ಸಣ್ಣ ವಿಷಯವಲ್ಲ. ಅದರಲ್ಲೂ ಮಲ್ಲಿಗೆಗೆ.

ಮಲ್ಲಿಗೆಯ ಬಗ್ಗೆ ಕರಾವಳಿಯ ಸಹೋದರಿಯರಿಗೆ ಹೇಳಿಕೊಡಬೇಕಾದ್ದಿಲ್ಲ. ಮದುವೆ, ಮದರಂಗಿ, ತೊಟ್ಟಿಲು ಹಾಕುವುದು, ಯಾವುದಿದ್ದರೂ ಮಲ್ಲಿಗೆ ಬೇಕು. ಶಂಕರಪುರದ ಹೆಸರಲ್ಲಿ ಪ್ರಸಿದ್ಧವಾಗಿ, ಉಡುಪಿ ಮಲ್ಲಿಗೆ ಎಂದು ಜಿಐ ಮಾನ್ಯತೆ ಪಡೆದ ಈ ಹೂವು ಬಾಳೆನಾರಿನಲ್ಲಿ ಕಟ್ಟಿಸಿಕೊಂಡು ಮುಂಬೈಯವರೆಗೆ ಹೋಗುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೇಸಿಗೆಯಲ್ಲಿ ಗಿಡದ ತುಂಬ ಮೊಗ್ಗು, ಆಗ ದರ ಇಳಿದಿರುತ್ತದೆ. ಚಳಿಗಾಲದಲ್ಲಿ ಮೊಗ್ಗು ಕಡಿಮೆ, ಮದುವೆಗಳು ಜಾಸ್ತಿ. ಆಗ ಅಟ್ಟೆಯ ದರ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಂಗಳದ ಹತ್ತಿಪ್ಪತ್ತು ಗಿಡಗಳ ಹೂವಿನ ಹಣ ಹೆಂಗಸರ ಕೈಗೇ ಬರುತ್ತದೆ. ಮಕ್ಕಳ ಶಾಲೆಯ ಫೀಸು, ತವರಿಗೆ ಹೋಗುವಾಗಿನ ಬಸ್ ಚಾರ್ಜು, ಯಾರೊಂದಿಗೂ ಕೈಚಾಚದೆ ಕೊಂಡುಕೊಳ್ಳುವ ಒಂದು ಸೀರೆ, ಎಲ್ಲವೂ ಅದರಿಂದಲೇ. ಆದ್ದರಿಂದ ಚಳಿಗೆ ಗಿಡ ಮುದುಡಿದರೆ ಮನೆಯಲ್ಲಿ ಮೊದಲು ತಿಳಿಯುವುದು ಗೃಹಿಣಿಗೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಏನೇ ಮಾಡಿದರೂ ಡಿಸೆಂಬರಿನ ಮಲ್ಲಿಗೆ ಗಿಡ ಏಪ್ರಿಲಿನಂತೆ ಹೂ ಕೊಡುವುದಿಲ್ಲ. ಚಳಿಯ ಜೊತೆಗೆ ಹಗಲೂ ಗಿಡ್ಡವಾಗಿರುತ್ತದೆ, ಗಿಡಕ್ಕೂ ವಿಶ್ರಾಂತಿಯ ಕಾಲವದು. ನಾವು ಉಳಿಸಿಕೊಳ್ಳಬಹುದಾದದ್ದು ಎಳೆಯ ಗಿಡಗಳನ್ನು. ಮಳೆಗಾಲದಲ್ಲಿ ಗೆಲ್ಲು ನೆಟ್ಟು ಬೇರು ಬಿಡಿಸಿದ ಸಸಿಗಳು, ಬೇಸಿಗೆಯ ತರಕಾರಿಗೆಂದು ಹಾಕಿದ ಮೆಣಸು, ಬದನೆ, ಟೊಮೆಟೊ ಸಸಿಗಳು, ಜಗಲಿಯ ಆಂಥೂರಿಯಂ ಚಟ್ಟಿಗಳು, ಇವು ಚಳಿಯಲ್ಲಿ ನಿಂತಲ್ಲೇ ನಿಂತುಬಿಡುತ್ತವೆ. ಮೆಣಸಿನ ಬೀಜ ಮೊಳೆಯಲು 25ರಿಂದ 30 ಡಿಗ್ರಿಯ ಬೆಚ್ಚನೆಯ ಮಣ್ಣು ಬೇಕು. ಮಣ್ಣು ತಣ್ಣಗಾದಷ್ಟೂ ಮೊಳಕೆ ತಡವಾಗುತ್ತದೆ, ಕೆಲವು ಬೀಜ ಒಳಗೇ ಕೊಳೆಯುತ್ತವೆ. ಎಳೆಯದರಲ್ಲಿ ಒಂದು ತಿಂಗಳು ಹಿಂದೆ ಬಿದ್ದ ಸಸಿ ಆಮೇಲೆ ಆ ತಿಂಗಳನ್ನು ತುಂಬಿಕೊಳ್ಳುವುದು ಕಷ್ಟ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ನಮ್ಮ ಮನೆಯಲ್ಲಿ ಸಣ್ಣದೊಂದು ಸೋಲಾರ್ ದೀಪದ ವ್ಯವಸ್ಥೆ ಇದೆ. ಮಾಡಿನ ಮೇಲೆ 40 ವ್ಯಾಟಿನ ಪ್ಯಾನಲ್, ಒಳಗೆ 40 ಆಂಪಿಯರ್-ಅವರ್‌ನ ಬ್ಯಾಟರಿ, ಮೂರು ದೀಪ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದ ಊರಿನಲ್ಲಿ ಇದು ದೊಡ್ಡ ಆಸರೆ. ಇಂಥ ದೀಪಗಳು ಹಳ್ಳಿಮನೆಗಳಿಗೆ ಬಂದ ಕಥೆಯಲ್ಲಿ ನಮ್ಮ ನೆರೆಯ ಊರಿನ ಹೆಸರೂ ಇದೆ. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರಾದ ಹರೀಶ್ ಹಂದೆಯವರು ಕೋಟದ ಬಳಿಯ ಹಂದಟ್ಟು ಮೂಲದವರು. ಬಡವರು ಸೋಲಾರ್ ಕೊಳ್ಳಲಾರರು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಬ್ಯಾಂಕ್ ಸಾಲ, ಸಣ್ಣ ಸಣ್ಣ ಕಂತು, ಮನೆಬಾಗಿಲಿಗೆ ಬಂದು ರಿಪೇರಿ ಮಾಡುವ ಹುಡುಗರು, ಇಷ್ಟಿದ್ದರೆ ಸಾಕು ಎಂದು ಮಾಡಿ ತೋರಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಮನೆಮನೆಗೆ ಮುಟ್ಟಿಸಿದ್ದು ದೀಪವನ್ನು. ನಾನು ಆ ದೀಪದಿಂದ ಒಲೆಯ ಕೆಲಸ ಮಾಡಿಸಲು ಹೊರಟೆ.

ನಮ್ಮ ಮನೆಯವರ ತಮ್ಮ ಲಾರಿ ಓಡಿಸುತ್ತಾರೆ. ಅವರೊಮ್ಮೆ, "ಅತ್ತಿಗೆ, ಚಿಕ್ಕಬಳ್ಳಾಪುರದ ಕಡೆ ಹೂವಿನ ತೋಟಗಳಲ್ಲಿ ರಾತ್ರಿಯಿಡೀ ಬಲ್ಬು ಉರಿಸುತ್ತಾರೆ, ನೋಡಲು ಜಾತ್ರೆಯ ಹಾಗೆ ಕಾಣುತ್ತದೆ" ಎಂದರು. ಚಳಿಗೆ ಬೆಚ್ಚಗೆ ಮಾಡಲು ಇರಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಪೇಟೆಯಿಂದ ಚಿಕ್ಕದೊಂದು ಇನ್ವರ್ಟರ್ ತರಿಸಿ, ಬ್ಯಾಟರಿಗೆ ನೇರವಾಗಿ ಜೋಡಿಸಿ, 60 ವ್ಯಾಟಿನ ಹಳೆಯ ಕಾಲದ ಬಲ್ಬನ್ನು ಸಸಿಗಳ ನಡುವೆ ಇಳಿಬಿಟ್ಟೆ. ಅಂಗಡಿಯವರು ಒಂದು ಮಾತೂ ಕೇಳಲಿಲ್ಲ, ಎರಡು ಬಲ್ಬಾದರೂ ಉರಿಯುತ್ತದೆ ಎಂದು ಧೈರ್ಯ ಬೇರೆ ಕೊಟ್ಟರು. ಮೊದಲ ರಾತ್ರಿ ನಿದ್ದೆಯ ನಡುವೆ ಎದ್ದೆದ್ದು ನೋಡಿದೆ. ಕೆಂಪಗೆ ಉರಿಯುವ ಬಲ್ಬಿನ ಸುತ್ತ ಸಸಿಗಳು ಚಂದ ಕಾಣುತ್ತಿದ್ದವು. ಎರಡು ಗಂಟೆಗೆ ನೋಡಿದಾಗ ಕತ್ತಲೆ. ಚಳಿ ಏರುವುದೇ ಎರಡರ ನಂತರ, ಸೂರ್ಯ ಹುಟ್ಟುವವರೆಗೆ. ಅಂದರೆ ಬೇಕಾದ ಹೊತ್ತಿಗೆ ಬಲ್ಬಿಲ್ಲ.

ಆದರೂ ಹಟ ಬಿಡದೆ ಹತ್ತು-ಹನ್ನೆರಡು ದಿನ ಹಾಗೆಯೇ ಮಾಡಿದೆ. ಆ ಹೊತ್ತಿಗೆ ಮಗಳ ಎಸೆಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಓದುವವಳು ಅವಳು. ಅಂದು ಲೈನಿನಲ್ಲಿ ಕರೆಂಟು ಇರಲಿಲ್ಲ, ಸೋಲಾರ್ ದೀಪದ ಸ್ವಿಚ್ಚು ಒತ್ತಿದರೆ ಅದೂ ಇಲ್ಲ. ಮೇಣದ ಬತ್ತಿ ಹಚ್ಚಿಕೊಂಡು ಕೂತವಳು ನನ್ನ ಮುಖ ನೋಡಿದಳೇ ಹೊರತು ಏನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ರಿಪೇರಿಗೆ ಬಂದ ಹುಡುಗ ಮಾತ್ರ ಬೈದ. ಬ್ಯಾಟರಿ ಪೂರ್ತಿ ಬರಿದಾಗದಂತೆ ಕಾಯುವ ಪೆಟ್ಟಿಗೆಯೊಂದು ಈ ವ್ಯವಸ್ಥೆಯಲ್ಲಿ ಇರುತ್ತದೆ. ಮಟ್ಟ ಇಳಿದಾಗ ದೀಪವನ್ನು ಅದೇ ಆರಿಸುತ್ತದೆ. ನಾನು ಇನ್ವರ್ಟರನ್ನು ಅದನ್ನು ತಪ್ಪಿಸಿ ನೇರವಾಗಿ ಜೋಡಿಸಿದ್ದೆ. ನಮ್ಮ ಬ್ಯಾಟರಿ ತುಂಬಿದಾಗ ಅದರಲ್ಲಿರುವುದು 480 ವ್ಯಾಟ್-ಗಂಟೆಯಷ್ಟು, ಅಂದರೆ ಅರ್ಧ ಯೂನಿಟ್ಟೂ ಪೂರ್ತಿ ಅಲ್ಲ. ಅದರಲ್ಲೂ ಅರ್ಧವನ್ನಷ್ಟೇ ಬಳಸಿದರೆ ಬ್ಯಾಟರಿಗೆ ಆಯುಸ್ಸು. 60 ವ್ಯಾಟಿನ ಬಲ್ಬು ಆ ಅರ್ಧವನ್ನು ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ, ಉಳಿದ ಗಂಟೆಗಳಲ್ಲಿ ಬ್ಯಾಟರಿಯ ಜೀವವನ್ನೇ ತಿನ್ನುತ್ತದೆ. ಹೀಗೆ ದಿನವೂ ತಳ ಮುಟ್ಟಿಸಿದ ಬ್ಯಾಟರಿಯ ಒಳಗಿನ ಸೀಸದ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಮತ್ತೆ ಅದು ಮೊದಲಿನಷ್ಟು ತುಂಬಿಕೊಳ್ಳುವುದೇ ಇಲ್ಲ. ಸಾವಿರಾರು ರೂಪಾಯಿ ತೆತ್ತು ಹೊಸತು ತರಬೇಕಾಯಿತು. ಎರಡು ಚಳಿಗಾಲದ ಮಲ್ಲಿಗೆಯ ಹಣ ಅದಕ್ಕೇ ಹೋಯಿತು.

ಚಿಕ್ಕಬಳ್ಳಾಪುರದ ಬಲ್ಬುಗಳ ವಿಷಯವನ್ನು ಆಮೇಲೆ ತಿಳಿದುಕೊಂಡೆ. ಅವು ಸೇವಂತಿಗೆ ತೋಟಗಳು. ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಗಿಡ ಎತ್ತರಕ್ಕೆ ಬೆಳೆಯುವ ಮೊದಲೇ ಮೊಗ್ಗು ಕಟ್ಟದಿರಲಿ ಎಂದು ಬೆಳಕು ಹಾಕಿ, ರಾತ್ರಿ ಇನ್ನೂ ಉದ್ದವಾಗಿಲ್ಲವೆಂದು ಅದನ್ನು ನಂಬಿಸುತ್ತಾರೆ. ಶಾಖಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈಗಿನ ಎಲ್‌ಇಡಿ ಬಲ್ಬಿನಲ್ಲಂತೂ ಶಾಖ ಕೇಳಲೇಬೇಡಿ. 9 ವ್ಯಾಟಿನ ಬಲ್ಬು 9 ವ್ಯಾಟಿಗಿಂತ ಹೆಚ್ಚು ಬಿಸಿ ಎಲ್ಲಿಂದ ತಂದೀತು?

ಮಗಳ ಲೆಕ್ಕ

ಪರೀಕ್ಷೆ ಮುಗಿದ ಮೇಲೆ ಮಗಳು ತನ್ನ ವಿಜ್ಞಾನ ಪುಸ್ತಕದ ಲೆಕ್ಕವೊಂದನ್ನು ನನಗೆ ಹೇಳಿಕೊಟ್ಟಳು. ಮಕ್ಕಳಿಗೆ ಪಾಠ ಹೇಳುವ ನಾನು ಅಂದು ಅವಳ ಮುಂದೆ ವಿದ್ಯಾರ್ಥಿನಿ. ನೀವೂ ಒಂದು ಪೆನ್ನು ತೆಗೆದುಕೊಳ್ಳಿ, ಕಷ್ಟವೇನಿಲ್ಲ.

ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದಾಗ ಸುಮಾರು 4.2 ಕಿಲೋಜೂಲ್ ಶಾಖವನ್ನು ಹೊರಗೆ ಬಿಡುತ್ತದೆ. ಅಡುಗೆಮನೆಯಲ್ಲಿ ಸುಲಭವಾಗಿ ಸಿಗುವ ವಸ್ತುಗಳಲ್ಲಿ ಇಷ್ಟು ಶಾಖವನ್ನು ಹಿಡಿದಿಟ್ಟುಕೊಳ್ಳುವುದು ಇನ್ನೊಂದಿಲ್ಲ. 20 ಲೀಟರಿನ ಒಂದು ಕ್ಯಾನ್ ನೀರು ಹಗಲಿಡೀ ಬಿಸಿಲು ಕುಡಿದು, ರಾತ್ರಿ 10 ಡಿಗ್ರಿ ಇಳಿದರೆ ಕೊಡುವ ಶಾಖ 840 ಕಿಲೋಜೂಲ್. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಭಾಗಿಸಿದರೆ 0.23 ಯೂನಿಟ್. ಇನ್ನು ಮಾಡಿನ ಮೇಲಿನ 40 ವ್ಯಾಟಿನ ಪ್ಯಾನಲ್ ಚಳಿಗಾಲದ ಒಳ್ಳೆಯ ಬಿಸಿಲಿನಲ್ಲಿ ಐದು ಗಂಟೆ ಪೂರ್ತಿ ದುಡಿದರೆ ಬರುವುದು 0.2 ಯೂನಿಟ್.

ಅಂದರೆ ಎಣ್ಣೆ ತುಂಬಿ ಬಂದ ಖಾಲಿ ಕ್ಯಾನಿನಲ್ಲಿ ನೀರು ತುಂಬಿ ಅಂಗಳದಲ್ಲಿಟ್ಟರೆ, ಅದೊಂದೇ ನನ್ನ ಇಡೀ ಪ್ಯಾನಲ್ಲಿನ ದಿನದ ದುಡಿಮೆಗಿಂತ ಹೆಚ್ಚು ಶಾಖವನ್ನು ರಾತ್ರಿಗೆ ತಂದುಕೊಡುತ್ತದೆ! ಬ್ಯಾಟರಿ ಇಲ್ಲ, ತಂತಿ ಇಲ್ಲ, ಕಂತೂ ಇಲ್ಲ. ಐದು ಕ್ಯಾನ್ ಇಟ್ಟರೆ ಒಂದು ಯೂನಿಟ್ಟಿಗಿಂತ ಜಾಸ್ತಿ. ಪ್ಯಾನಲ್ ಬಿಸಿಲನ್ನು ಕರೆಂಟಾಗಿ ಮಾಡುವಾಗ ಬಹುಪಾಲು ಕಳೆದುಹೋಗುತ್ತದೆ, ಆ ಕರೆಂಟನ್ನು ಮತ್ತೆ ಶಾಖ ಮಾಡುವುದೆಂದರೆ ತುಪ್ಪ ಕೊಟ್ಟು ಹಾಲು ತಂದ ಹಾಗೆ. ನೀರಾದರೋ ಬಿಸಿಲನ್ನು ಶಾಖವಾಗಿಯೇ ಇಟ್ಟುಕೊಳ್ಳುತ್ತದೆ. ಬಾವಿಕಟ್ಟೆಯಲ್ಲಿ ಉಮ್ಮ ಹೇಳಿದ್ದು ಇದನ್ನೇ.

ಮುಚ್ಚುವ ಕಲೆ

ಶಾಖ ಇದ್ದರೆ ಸಾಲದು, ಅದು ಓಡಿಹೋಗಬಾರದು. ಮೋಡವಿಲ್ಲದ ರಾತ್ರಿ ಗಿಡ, ಮಣ್ಣು, ಅಂಗಳ ಎಲ್ಲವೂ ತಮ್ಮ ಬಿಸಿಯನ್ನು ಬಯಲು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಆಗ ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದಕ್ಕೇ ಅದರ ಮೇಲೆ ಇಬ್ಬನಿ ಕೂರುವುದು. ಮಾವಿನ ಮರದ ಅಡಿಯಲ್ಲಿಟ್ಟ ಚಟ್ಟಿಯ ಎಲೆಗಳ ಮೇಲೆ ಇಬ್ಬನಿ ಕಡಿಮೆ ಇರುವುದನ್ನು ನೀವು ನೋಡಿರಬಹುದು. ಮೇಲೊಂದು ಹೊದಿಕೆ ಇದ್ದರೆ ಈ ನಷ್ಟ ತಪ್ಪುತ್ತದೆ.

ನಾನು ಮಾಡಿದ್ದು ಇಷ್ಟು. ಮನೆಯ ಪಶ್ಚಿಮದ ಬದಿಗೆ ಕೆಂಪುಕಲ್ಲಿನ ಗೋಡೆಗೆ ತಾಗಿಸಿ ಸಸಿಗಳನ್ನು ಜೋಡಿಸಿದೆ. ಮಧ್ಯಾಹ್ನದ ನಂತರದ ಬಿಸಿಲೆಲ್ಲ ಆ ಗೋಡೆಗೆ ಬೀಳುತ್ತದೆ. ಇಶಾ ನಮಾಝ್ ಮುಗಿಸಿ ಕೈ ಇಟ್ಟು ನೋಡಿದರೆ ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಮನೆಯೇ ಅಡ್ಡ ನಿಂತಿರುವುದರಿಂದ ಮೂಡುಗಾಳಿಯೂ ನೇರವಾಗಿ ಹೊಡೆಯುವುದಿಲ್ಲ. ಸಸಿಗಳ ಎರಡು ಬದಿಗೆ ಐದು ಕ್ಯಾನ್. ಕ್ಯಾನ್‌ಗಳಿಗೆ ಹೊರಗಿನಿಂದ ಕಪ್ಪು ಬಣ್ಣ ಬಳಿದಿದ್ದೇನೆ, ಕಪ್ಪು ಬಿಸಿಲನ್ನು ಬೇಗ ಹೀರುತ್ತದೆ. ಮುಚ್ಚಳ ಬಿಗಿಯಾಗಿರಲಿ, ಇದನ್ನು ಮರೆಯಬೇಡಿ. ತೆರೆದಿಟ್ಟ ನೀರಿನಲ್ಲಿ ಡೆಂಗೀ ಸೊಳ್ಳೆ ಮೊಟ್ಟೆಯಿಟ್ಟರೆ ಗಿಡ ಉಳಿಸಲು ಹೋಗಿ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿದಂತಾದೀತು.

ಮೇಲೆ ಬಿದಿರಿನ ಗಳುಗಳನ್ನು ಬಾಗಿಸಿ ಕಮಾನು ಕಟ್ಟಿ, ಮಗ್ರಿಬ್‌ಗೆ ಮೊದಲೇ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ ಅಥವಾ ಹೆಣೆದ ಮಡಲು. ಕತ್ತಲಾದ ಮೇಲೆ ಮುಚ್ಚಿದರೆ ಅರ್ಧ ಶಾಖ ಆಗಲೇ ಹೋಗಿರುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಬಾರದು, ತಾಗಿದಲ್ಲಿ ನೀರು ನಿಂತು ಎಲೆ ಕೊಳೆಯುತ್ತದೆ. ಹೊದಿಕೆಯ ಅಂಚು ನೆಲದವರೆಗೆ ಇಳಿದಿರಬೇಕು, ಏಕೆಂದರೆ ಬರುವ ಶಾಖದಲ್ಲಿ ಹೆಚ್ಚಿನದು ನೆಲದಿಂದಲೇ ಬರುತ್ತದೆ. ಮರಕ್ಕೆ ಶಾಲು ಸುತ್ತಿದ ಹಾಗೆ ಕಾಂಡಕ್ಕೆ ಬಟ್ಟೆ ಸುತ್ತುವುದರಿಂದ ಪ್ರಯೋಜನವಿಲ್ಲ. ನಮ್ಮ ಮೈ ತಾನೇ ಶಾಖ ಹುಟ್ಟಿಸುತ್ತದೆ, ಆದ್ದರಿಂದ ಕಂಬಳಿ ನಮ್ಮನ್ನು ಬೆಚ್ಚಗಿಡುತ್ತದೆ. ಗಿಡ ಹಾಗಲ್ಲ.

ಮೊದಲ ದಿನ ಇದನ್ನೆಲ್ಲ ನೋಡಿದ ನೆರೆಮನೆಯ ಅಕ್ಕ ಬೇಲಿಯಾಚೆಯಿಂದ, "ಎಂತ ಟೀಚರ್ರೇ, ಗಿಡಕ್ಕೂ ಕಂಬ್ಳಿ ಹೊದ್ಸುದಾ?" ಎಂದು ನಕ್ಕರು. ಈಗ ಅವರ ಅಂಗಳದಲ್ಲಿ ಏಳು ಕ್ಯಾನ್ ಇವೆ.

ಗೋಡೆಗೆ ತೂಗುಹಾಕುವ ಸಾಮಾನ್ಯ ಥರ್ಮಾಮೀಟರ್ ಒಂದನ್ನು ತಂದು ಒಳಗೆ ಇಟ್ಟಿದ್ದೆ. ಹೊರಗೆ 19 ಡಿಗ್ರಿ ಇದ್ದ ಒಂದು ಮುಂಜಾನೆ ಹೊದಿಕೆಯೊಳಗೆ 23 ಇತ್ತು. ನಾಲ್ಕು ಡಿಗ್ರಿ ಏನು ಮಹಾ ಎನ್ನಬೇಡಿ. ಸಸಿಯ ಪಾಲಿಗೆ ಅದು ಜನವರಿಗೂ ಮಾರ್ಚಿಗೂ ಇರುವ ವ್ಯತ್ಯಾಸ.

ಬೆಳಗ್ಗೆ ಹೊದಿಕೆ ತೆಗೆಯುವುದು ಸಂಜೆ ಹಾಕುವುದಕ್ಕಿಂತ ಮುಖ್ಯ. ಒಂದು ದಿನ ಮದ್ರಸಕ್ಕೆ ಹೋಗುವ ಆತುರದಲ್ಲಿ ಮರೆತುಬಿಟ್ಟೆ. ಹನ್ನೊಂದು ಗಂಟೆಗೆ ಬಂದು ತೆರೆದರೆ ಒಳಗಿನಿಂದ ಪುಂಡಿಯ ಹಬೆಯಂತೆ ಬಿಸಿ ಮುಖಕ್ಕೆ ಹೊಡೆಯಿತು. ಬದನೆಯ ಎಂಟು ಸಸಿಗಳು ಬೆಂದುಹೋಗಿದ್ದವು. ಚಳಿಗೆ ಒಂದೂ ಸತ್ತಿರಲಿಲ್ಲ, ನನ್ನ ಮರೆವಿಗೆ ಎಂಟು ಸತ್ತವು. ಎಂಟು ಗಂಟೆಯೊಳಗೆ ತೆಗೆದುಬಿಡಿ.

ನೀರನ್ನು ಬೆಳಗ್ಗೆ ಹಾಕಿ, ಸಂಜೆ ಬೇಡ. ಹಸಿಮಣ್ಣು ಒಣಮಣ್ಣಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ ನಿಜ, ಆದರೆ ಆ ಶಾಖ ಬರಬೇಕಾದ್ದು ಹಗಲಿನ ಬಿಸಿಲಿನಿಂದ. ಸಂಜೆ ಎಲೆ ಒದ್ದೆಯಾದರೆ ಬೂಷ್ಟು ರೋಗಕ್ಕೆ ಕರೆ ಕೊಟ್ಟಂತೆ. ಆಗ ತಾನೇ ಸೇದಿದ ಬಾವಿನೀರು ಸಿಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಬುಡಕ್ಕೆ ತರಗೆಲೆ ಹೊದಿಸುವ ಅಭ್ಯಾಸ ನಮ್ಮಲ್ಲಿದೆ, ಬೇಸಿಗೆಗೆ ಅದು ಚೆನ್ನ. ಚಳಿಗಾಲದ ಹಗಲು ಮಾತ್ರ ಅದನ್ನು ಸ್ವಲ್ಪ ಸರಿಸಿ ಮಣ್ಣಿಗೆ ಬಿಸಿಲು ತಾಗಲು ಬಿಡಿ.

ಮನೆಯಲ್ಲಿ ದನವಿದ್ದವರಿಗೆ ಇನ್ನೂ ಸುಲಭದ ದಾರಿಯಿದೆ. ಹಸಿ ಸೆಗಣಿ ಮತ್ತು ಬೈಹುಲ್ಲನ್ನು ಬೆರೆಸಿ ಎರಡು ಅಡಿ ಎತ್ತರಕ್ಕೆ ರಾಶಿ ಹಾಕಿದರೆ ಕೊಳೆಯುವಾಗ ಅದು ತಾನಾಗಿಯೇ ಬಿಸಿಯೇರುತ್ತದೆ. ಆರಂಭದ ಬಿಸಿ 50 ಡಿಗ್ರಿ ದಾಟುವುದರಿಂದ ಕೂಡಲೇ ಸಸಿ ಇಡಬಾರದು. ವಾರ ಕಳೆದು, ಕೈ ಇಟ್ಟಾಗ ಹದವಾದ ಬಿಸಿ ಎನಿಸಿದ ಮೇಲೆ ಮೇಲೊಂದು ಗೇಣು ಮಣ್ಣು ಹರಡಿ, ಬೀಜ ಬಿತ್ತಿದ ಟ್ರೇಗಳನ್ನು ಇಡಿ. ಮೆಣಸಿನ ಬೀಜ ಮೊಳೆಯುವ ಸಡಗರ ನೋಡಬೇಕು. ಚಳಿ ಮುಗಿಯುವಾಗ ಆ ರಾಶಿಯೇ ಮಲ್ಲಿಗೆಯ ಬುಡಕ್ಕೆ ಗೊಬ್ಬರ.

ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಇರುವ ಮನೆಗಳೂ ಈಗ ಬಹಳ. ಇಲ್ಲದವರಿಗೆ ಬಚ್ಚಲು ಒಲೆಯ ಹಂಡೆ ಇದೆ. ಸಂಜೆ ಸ್ನಾನ ಮುಗಿದು ಉಳಿದ ಬಿಸಿನೀರನ್ನು ಒಂದು ಲೀಟರಿನ ಆರು ಬಾಟಲಿಗಳಿಗೆ ತುಂಬಿ ಟ್ರೇಗಳ ನಡುವೆ ಇಟ್ಟರೆ ಸಾಕು. 55 ಡಿಗ್ರಿಯ ನೀರು 25ಕ್ಕೆ ಇಳಿಯುವಷ್ಟರಲ್ಲಿ ಆರು ಬಾಟಲಿಗಳಿಂದ 0.2 ಯೂನಿಟ್ ಶಾಖ ಸಿಗುತ್ತದೆ. ಮತ್ತೆ ಅದೇ ಲೆಕ್ಕ, ನನ್ನ ಪ್ಯಾನಲ್ಲಿನ ಒಂದು ದಿನ. ಬಾಟಲಿ ಕಾಂಡಕ್ಕೆ ತಾಗದಿರಲಿ.

ಇದೆಲ್ಲ ಬಡತನದ ಉಪಾಯಗಳು ಎಂದು ಕೀಳಾಗಿ ನೋಡಬೇಡಿ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ಲಡಾಖ್‌ನಲ್ಲಿ ಮನೆಗಳವರು ದಪ್ಪ ಮಣ್ಣಿನ ಗೋಡೆ ಕಟ್ಟಿ, ದಕ್ಷಿಣಕ್ಕೆ ಮಾತ್ರ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದು ತುಂಡು ಸೌದೆಯನ್ನೂ ಉರಿಸದೆ ಪಾಲಕ್ ಬೆಳೆಯುತ್ತಾರೆ. ಉತ್ತರ ಚೀನಾದ ರೈತರು ಇಂಥದೇ ಮನೆಗಳ ಮೇಲೆ ಸಂಜೆ ಹುಲ್ಲಿನ ಚಾಪೆ ಬಿಡಿಸಿ, ಬೆಳಗ್ಗೆ ಸುರುಳಿ ಸುತ್ತಿಡುತ್ತಾರೆ. ಅಲ್ಲಿಯೂ ಶಾಖವನ್ನು ಕಾಯುವುದು ಗೋಡೆ ಮತ್ತು ಚಾಪೆ.

ಸೋಲಾರ್ ಬೇಡ, ಲೈನ್ ಕರೆಂಟಿನಲ್ಲೇ ಬಲ್ಬು ಹಾಕಿದರೆ ಹೇಗೆ ಎಂದು ನೀವು ಕೇಳಬಹುದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹಲವರಿಗೆ ಈ ಯೋಚನೆ ಬಂದಿದೆ. 60 ವ್ಯಾಟಿನ ಒಂದು ಬಲ್ಬು ದಿನಕ್ಕೆ ಹತ್ತು ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್, ಎರಡಾದರೆ 36. ಆದರೆ ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿಯಿದೆ. ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಅದರ ಮೇಲೆ ಒದ್ದೆ ಅಂಗಳದಲ್ಲಿ ತಂತಿ ಎಳೆಯುವ ಅಪಾಯ ಬೇರೆ, ಮಕ್ಕಳು ಓಡಾಡುವ ಜಾಗ.

ಗಿಡಗಳ ರೋಗ, ತಳಿ, ಗೊಬ್ಬರದ ಬಗ್ಗೆ ಸಂಶಯವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಸಾಸ್ತಾನದಿಂದ ಬಸ್ಸಿನಲ್ಲಿ ಹತ್ತಿರದ ದಾರಿ. ಹೋಗುವಾಗ ಬಾಡಿದ ಎಲೆಯೊಂದನ್ನು ಕಿತ್ತು ಜೊತೆಗೆ ಒಯ್ಯಿರಿ, ಬಾಯಿಮಾತಿಗಿಂತ ಎಲೆ ಬೇಗ ಹೇಳುತ್ತದೆ.

ನಮ್ಮ ಹೊಸ ಬ್ಯಾಟರಿ ಈಗ ದೀಪಕ್ಕೆ ಮಾತ್ರ. ಮಗಳು ಪಿಯುಸಿಗೆ ಹೋಗುತ್ತಾಳೆ, ನಾಲ್ಕು ಗಂಟೆಯ ಓದು ಹಾಗೆಯೇ ಮುಂದುವರಿದಿದೆ. 2028ರಲ್ಲಿ ರಮಝಾನ್ ಜನವರಿಯ ಕೊನೆಯಲ್ಲೇ ಆರಂಭವಾಗಲಿದೆ, ಸಹರಿಯ ಅಡುಗೆಗೂ ಆ ದೀಪ ಬೇಕು. ಸಂಜೆ ಹೊದಿಕೆ ಎಳೆಯುವ ಕೆಲಸ ಕಿರಿಯ ಮಗನದು. ಕ್ಯಾನ್‌ಗಳು ಮಾರ್ಚಿನವರೆಗೆ ಗೋಡೆಯ ಬದಿಯಲ್ಲಿರುತ್ತವೆ. ಆಮೇಲೆ ಅದೇ ನೀರನ್ನು ಮಲ್ಲಿಗೆಯ ಬುಡಕ್ಕೆ ಸುರಿದು, ಕ್ಯಾನ್‌ಗಳನ್ನು ಕವುಚಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸುತ್ತೇವೆ.